ಕನೆಕ್ಷನ್ ಕಡಿಸಿದ ಮೇಷ್ಟ್ರು

ಬೆಳಿಗ್ಗೆ ಒಂಬತ್ತಕ್ಕೆ ಗಣಿತದ ಮೇಷ್ಟ್ರ ಫೋನಿಗೆ ಒಂದು ಮೆಸೇಜು ಬಂತು. 'ಪ್ರಿಯ ಗ್ರಾಹಕರೇ, ತಮಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿ ಮುಂದಿನ ತಿಂಗಳಿಂದ ತಮ್ಮ ಮನೆಯ ಇಂಟರ್‌ನೆಟ್ ದರವನ್ನು ಪರಿಷ್ಕರಿಸಲಾಗಿದೆ.' ಪರಿಷ್ಕರಿಸಲಾಗಿದೆ ಅಂದರೆ ಏರಿಸಲಾಗಿದೆ ಎಂದು ತಿಳಿಯುವುದಕ್ಕೆ ಗಣಿತ ಓದಿರಬೇಕಿಲ್ಲ. ಇಳಿಸುವವರು ಯಾವತ್ತೂ ಆ ಪದ ಬಳಸುವುದಿಲ್ಲ. ಈ ವರ್ಷ ಇದು ಮೂರನೆಯ ಪರಿಷ್ಕರಣೆ. ಉತ್ತಮ ಸೇವೆ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಗೊಣಗಿ ಸುಮ್ಮನಾಗುತ್ತಿದ್ದರು. ಅಂದು ಅವರ ತಲೆ ಸರಿಯಿರಲಿಲ್ಲ. ಅವರ ಶಾಲೆ ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು. ಈಗ ಕಂಪ್ಯೂಟರಿನಲ್ಲೇ ಪಾಠ ನಡೆಸುವ ದೊಡ್ಡ ಶಾಲೆಯೊಂದು, 'ಇವತ್ತು ಸಂಜೆ ಐದಕ್ಕೆ ಅರ್ಧ ಗಂಟೆ ಪಾಠ ಮಾಡಿ ತೋರಿಸಿ, ಹಿಡಿಸಿದರೆ ನಾಳೆಯಿಂದಲೇ ಕೆಲಸ' ಅಂದಿತ್ತು. ಇದಕ್ಕೆಂದೇ ಕೆಲಸಕ್ಕೆ ರಜೆ ಹಾಕಿದ್ದ ಹೆಂಡತಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪ್ಯಾಂಟಿಗೂ ಹಾಕೆಂದರೆ, "ಅದು ಕಂಪ್ಯೂಟರಲ್ಲಿ ಕಾಣಲ್ಲ ಬಿಡಿ" ಅಂದಳು.

ಆಗ ಬಂದವರು ಪೋಸ್ಟ್ ಮಾವ. ಮೇಲಿನ ಮನೆಯವರು. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಐದು ಮನೆಗಳ ಆ ಕಟ್ಟಡಕ್ಕೆಲ್ಲ ಮಾವ. ದಿನಾ ಬೆಳಿಗ್ಗೆ ಮೇಷ್ಟ್ರ ಪೇಪರು ಓದುವುದು, ಓದಿದ ಮೇಲೆ ಸ್ಟಾಂಪಿಲ್ಲದೆ ಸಲಹೆ ಹಂಚುವುದು ಅವರ ಕ್ರಮ. ಮೆಸೇಜು ನೋಡಿ ನಕ್ಕುಬಿಟ್ಟರು.

"ನೀವು ತೆಪ್ಪಗೆ ಕಟ್ತಾ ಹೋದ್ರೆ ಅವರು ಏರಿಸ್ತಾ ಹೋಗ್ತಾರೆ, ಮೇಷ್ಟ್ರೇ. ಬಿಟ್ಟುಬಿಡ್ತೀನಿ ಅಂತ ಹೆದರಿಸಿ. ಗಿರಾಕಿ ಕೈ ತಪ್ಪುತ್ತೆ ಅಂದಕೂಡಲೇ ದನಿ ಮೆತ್ತಗಾಗುತ್ತೆ. ನನ್ನ ಷಡ್ಡಕ ಹೀಗೇ ಹೆದರಿಸಿ ಎರಡು ತಿಂಗಳು ಪುಕ್ಕಟೆ ಮಾಡಿಸ್ಕೊಂಡ."

"ಸಂಜೆ ಪಾಠ ಇದೆ ಮಾವ. ಇವತ್ತು ಬೇಡ."

"ಬಿಡ್ತೀನಿ ಅನ್ನೋದಷ್ಟೇ. ನಿಜವಾಗಿ ಬಿಡಿ ಅಂತ ಯಾರು ಹೇಳಿದ್ರು?"

"ಇವರಿಗೆ ಹೆದರಿಸೋಕೆಲ್ಲ ಬರಲ್ಲ ಮಾವ," ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತದೆ. "ಅಡ್ಡ ಬಂದ ನಾಯೀಗೂ 'ನೀವು ದಯವಿಟ್ಟು ಪಕ್ಕಕ್ಕೆ ಹೋಗಿ' ಅಂತಾರೆ."

ಈ ಮಾತು ನಾಟಿತು. ಮೇಷ್ಟ್ರು ಫೋನು ಹಿಡಿದು ಸೀದಾ ಬಚ್ಚಲುಮನೆಗೆ ನಡೆದರು. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಬರುತ್ತಿದ್ದುದು ಬಚ್ಚಲಿನ ಕಿಟಕಿಯೊಂದರಲ್ಲೇ. ಅದೂ ಮಾತಿಗೆ ಸಾಕಾಗುವಷ್ಟು. ವಿಡಿಯೋ ಹಾಕಿದರೆ ಎದುರಿನವರು ಬಾಯಿ ತೆರೆದು ಹಾಗೇ ನಿಂತುಬಿಡುತ್ತಿದ್ದರು. ಮೇಷ್ಟ್ರು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತರು. ಬಾಗಿಲಲ್ಲಿ ಮಾವ ಮತ್ತು ಹೆಂಡತಿ ನಿಂತರು.

"ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಎಂದಿತು ಅತ್ತಲಿಂದ ಒಂದು ಹುಡುಗಿಯ ದನಿ.

"ದಯವಿಟ್ಟು ತಪ್ಪು ತಿಳ್ಕೋಬೇಡಿಮ್ಮ. ನಿಮ್ಮ ಕನೆಕ್ಷನ್ ಬಿಟ್ಟುಬಿಡೋಣ ಅಂತಿದ್ದೀನಿ."

"ಕಾರಣ ಕೇಳಬಹುದಾ ಸರ್?"

"ದರ ಜಾಸ್ತಿ ಆಯ್ತು."

"ಅರ್ಥ ಆಗುತ್ತೆ ಸರ್. ನಿಜವಾಗ್ಲೂ ಬಿಡಬೇಕಾ ಸರ್?"

ಮಾವ ಹೆಬ್ಬೆರಳೆತ್ತಿ, ಮೀನು ಗಾಳಕ್ಕೆ ಬಿತ್ತು ಅನ್ನುವ ಮುಖ ಮಾಡಿದರು. "ಗಟ್ಟಿಯಾಗಿ, ಗಟ್ಟಿಯಾಗಿ," ಎಂದು ಪಿಸುಗುಟ್ಟಿದರು. ಮೇಷ್ಟ್ರಿಗೆ ಜನ್ಮದಲ್ಲಿಲ್ಲದ ಧೈರ್ಯ ಬಂತು.

"ಬಿಡಲೇಬೇಕು. ಇವತ್ತೇ. ಈ ಕ್ಷಣವೇ."

ಅತ್ತ ಕೀಲಿಮಣೆಯ ಟಪಟಪ ಕೇಳಿಸಿತು. "ಆಯ್ತು ಸರ್, ತೆಗೆದಿದ್ದೀನಿ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

"ತೆಗೆದುಬಿಟ್ರಾ?"

"ಈ ಕ್ಷಣವೇ ಅಂದ್ರಲ್ಲ ಸರ್."

"ಅಲ್ಲ ತಾಯಿ, ನೀವು 'ಬೇಡ ಸಾರ್, ಬಿಡಬೇಡಿ' ಅನ್ನಬೇಕಿತ್ತು. ನಾನು ಹ್ಞೂಂ ಅಂತಿದ್ದೆ."

"ಬೇಡ ಅನ್ನೋ ವಿಭಾಗಾನ ಹೋದ ತಿಂಗಳು ಮುಚ್ಚಿದಾರೆ ಸರ್. ನಿಮ್ಮ ಕಡೆ ಬೇರೆ ಕಂಪನಿ ಇಲ್ಲವಲ್ಲ, ಅದರ ಅಗತ್ಯ ಇಲ್ಲ ಅಂತ." ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು ಪಾಪ. "ಬಿಟ್ಟವರು ಇಪ್ಪತ್ನಾಲ್ಕು ಗಂಟೆ ಆದಮೇಲೆ ಹೊಸದಾಗಿ ಅರ್ಜಿ ಹಾಕಬಹುದು. ಈಗ ಈ ಕರೆಗೆ ಐದಕ್ಕೆ ಎಷ್ಟು ಅಂಕ ಕೊಡ್ತೀರಾ ಸರ್?"

ಹೇಳಿದ ಕೆಲಸವನ್ನು ಹೇಳಿದ ಕೂಡಲೇ ಮಾಡಿದವಳಿಗೆ ಕಡಿಮೆ ಅಂಕ ಕೊಡುವುದು ಮೇಷ್ಟ್ರ ವೃತ್ತಿಧರ್ಮಕ್ಕೆ ಒಪ್ಪಲಿಲ್ಲ. ಐದು ಕೊಟ್ಟು ಬಕೆಟ್ಟಿನಿಂದ ಕೆಳಗಿಳಿದರು.

ಇಳಿದು ಎರಡು ನಿಮಿಷವಾಗಿರಲಿಲ್ಲ, ಕಟ್ಟಡದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಕೆಳಗಿನ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು. ಅವಳ ಪಕ್ಕದ ಮನೆಯ ಡ್ರೈವಿಂಗ್ ಸ್ಕೂಲಿನವನು ಬಂದ. ಮೇಷ್ಟ್ರ ಎದುರುಮನೆಯ ಹೊಸ ಜೋಡಿ ಕೈ ಕೈ ಹಿಡಿದು ಬಂತು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಮೇಷ್ಟ್ರೇ, ಇಂಟರ್‌ನೆಟ್ ಏನಾಯ್ತು?"

"ನಿಮ್ಮದೂ ಹೋಯ್ತಾ?" ಎಂದು ಕೇಳಿದರು ಮೇಷ್ಟ್ರು, ಸಂಕಟದಲ್ಲಿ ಜೊತೆಗಾರರು ಸಿಕ್ಕರಲ್ಲ ಎಂಬ ಆಸೆಯಿಂದ.

ಎಲ್ಲರೂ ತಮ್ಮ ತಮ್ಮ ಫೋನು ನೋಡತೊಡಗಿದರು. ಮೇಲಿನ ಮಹಡಿಯಿಂದ ಪೋಸ್ಟ್ ಮಾವನ ಹೆಂಡತಿಯ ದನಿ ಮೆಟ್ಟಿಲಿಳಿದು ಬಂತು. "ಏನ್ರೀ, ನನ್ನ ಧಾರಾವಾಹಿ ನಿಂತೋಯ್ತು. ಮೇಷ್ಟ್ರು ಈ ತಿಂಗಳು ಬಿಲ್ಲು ಕಟ್ಟಿಲ್ವಾ ಕೇಳ್ರಿ."

ಮಾವ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು.

ಕತೆ ಆಮೇಲೆ ಬಿಚ್ಚಿಕೊಂಡಿತು. ಮೂರು ವರ್ಷದ ಹಿಂದೆ ಟೈಲರಮ್ಮನ ತಮ್ಮ ಬಂದಾಗ ಮೇಷ್ಟ್ರ ಹೆಂಡತಿ ಒಂದು ದಿನದ ಮಟ್ಟಿಗೆ ಪಾಸ್‌ವರ್ಡ್ ಕೊಟ್ಟಿದ್ದಳು. ತಮ್ಮ ಹೋದ, ಪಾಸ್‌ವರ್ಡ್ ಉಳಿಯಿತು. ಟೈಲರಮ್ಮ ಅದನ್ನು ಡ್ರೈವಿಂಗ್ ಸ್ಕೂಲಿನವನಿಗೆ ಕೊಟ್ಟಳು, ಅವನು ಮಾವನಿಗೆ ಕೊಟ್ಟ, ಮಾವ ಹೊಸ ಜೋಡಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟರು. ಒಟ್ಟಿನಲ್ಲಿ ಇಡೀ ಕಟ್ಟಡದಲ್ಲಿ ಬಿಲ್ಲು ಕಟ್ಟುತ್ತಿದ್ದ ಪ್ರಾಣಿ ಒಂದೇ.

ನೀವಾಗಿದ್ದರೆ ರೇಗುತ್ತಿದ್ದಿರಿ. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನವನೇ ರೇಗಿದ. "ಐದು ಮನೆ ಕನೆಕ್ಷನ್ ಅದು ಮೇಷ್ಟ್ರೇ. ನೀವೊಬ್ಬರೇ ತೀರ್ಮಾನ ಮಾಡಿದ್ರೆ ಹೇಗೆ? ಒಂದು ಮಾತು ಕೇಳೋದು ಬೇಡ್ವಾ?"

"ಹೆದರಿಸಿ ಅಂದ್ರೆ ಕಡಿಸಿಯೇ ಬಿಟ್ರು," ಎಂದರು ಮಾವ ಪೇಪರಿನ ಹಿಂದಿನಿಂದ.

ಮೇಷ್ಟ್ರು ಎಲ್ಲರ ಕ್ಷಮೆ ಕೇಳಿದರು. ಕೇಳಿದ ಮೇಲೆ, ಯಾಕೆ ಕೇಳಿದೆ ಎಂದು ಅವರಿಗೇ ಹೊಟ್ಟೆ ಉರಿಯಿತು. ಆದರೆ ಉರಿಯುತ್ತ ಕೂರಲು ಹೊತ್ತಿರಲಿಲ್ಲ. ಸಂಜೆ ಐದಕ್ಕೆ ಇಂಟರ್‌ನೆಟ್ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಇನ್ನೆಷ್ಟು ತಿಂಗಳು ಹೆಂಡತಿಯ ಸಂಬಳದಲ್ಲಿ ಅಂಗಿ ಇಸ್ತ್ರಿ ಮಾಡಿಸಿಕೊಳ್ಳುವುದು? ಕಂಪ್ಯೂಟರನ್ನು ಚೀಲಕ್ಕೆ ತುರುಕಿಕೊಂಡು, ರಸ್ತೆ ತುದಿಯಲ್ಲಿದ್ದ ಇನ್ನೊಂದು ಇಂಟರ್‌ನೆಟ್ ಕಂಪನಿಯ ಆಫೀಸಿಗೆ ಓಡಿದರು.

ಅಲ್ಲಿನ ಗುಮಾಸ್ತ ವಿಳಾಸ ನೋಡಿ ತಲೆ ಅಲ್ಲಾಡಿಸಿದ. "ನಿಮ್ಮದು ರಸ್ತೆಯ ಎಡಗಡೆ. ನಾವು ಬಲಗಡೆಯವರು."

"ರಸ್ತೆ ಇರೋದೇ ಇಪ್ಪತ್ತು ಅಡಿ ಅಗಲ."

"ಇಪ್ಪತ್ತಾದರೇನು ಸಾರ್, ಗಡಿ ಗಡಿಯೇ. ಅವರು ಈ ಕಡೆ ಬರಲ್ಲ, ನಾವು ಆ ಕಡೆ ಹೋಗಲ್ಲ."

"ಹಾಗಂತ ನಿಮ್ಮಿಬ್ಬರಲ್ಲಿ ಒಪ್ಪಂದ ಇದೆಯಾ?"

"ಛೇ, ಒಪ್ಪಂದ ಎಲ್ಲಾ ತಪ್ಪಾಗುತ್ತೆ ಸಾರ್. ಸುಮ್ಮನೆ ಒಬ್ಬರಿಗೊಬ್ಬರು ಮರ್ಯಾದೆ." ಆಮೇಲೆ ಮೇಷ್ಟ್ರ ಮುಖ ನೋಡಲಾರದೆ ಸೇರಿಸಿದ, "ನಿಮ್ಮೆದುರಿನ ಹಲ್ಲಿನ ಡಾಕ್ಟರು ಬಲಗಡೆ ಇದ್ದಾರೆ. ಅವರದ್ದು ನಮ್ಮ ಲೈನು. ಕೇಳಿ ನೋಡಿ."

ಹಲ್ಲಿನ ಡಾಕ್ಟರಮ್ಮನಿಗೆ ಎರಡು ಕುರ್ಚಿ, ನಡುವೆ ಒಂದು ಪರದೆ. ಒಂದು ಕುರ್ಚಿಯ ಹಲ್ಲು ಕೊರೆಯುವ ಯಂತ್ರ ಕೆಟ್ಟು ವಾರವಾಗಿತ್ತು. ಮೇಷ್ಟ್ರು ಕೈಮುಗಿದು ನಿಂತ ರೀತಿ ನೋಡಿ ಡಾಕ್ಟರಮ್ಮನ ಮನಸ್ಸು ಕರಗಿತು. "ಅರ್ಧ ಗಂಟೆ, ಇವತ್ತೊಂದೇ ದಿನ. ಹೊರಗೆ ಪೇಷೆಂಟುಗಳು ಕೂತಿರ್ತಾರೆ, ಜಾಗ ಇಲ್ಲ. ಆ ಕೆಟ್ಟ ಕುರ್ಚೀಲಿ ಕೂತ್ಕೊಳ್ಳಿ. ಪೆಡಲು ಮಾತ್ರ ತುಳೀಬೇಡಿ."

ಐದಕ್ಕೆ ಸರಿಯಾಗಿ ಕಂಪ್ಯೂಟರಿನ ಪರದೆಯ ಮೇಲೆ ಇಪ್ಪತ್ತು ಮಕ್ಕಳ ಮುಖ ಮೂಡಿತು, ಮೂಲೆಯಲ್ಲಿ ಕನ್ನಡಕದ ಹೆಡ್‌ಮಿಸ್ಸು. ಮೇಷ್ಟ್ರು ನಮಸ್ಕಾರ ಮಾಡಿ, ಗಾಬರಿಯಲ್ಲಿ ಪೆಡಲು ತುಳಿದರು. ಯಂತ್ರ ಕೆಟ್ಟಿದ್ದರೂ ಕುರ್ಚಿ ಕೆಟ್ಟಿರಲಿಲ್ಲ. ಅದು ಗೌರವದಿಂದ ಹಿಂದಕ್ಕೆ ವಾಲಿ ಮೇಷ್ಟ್ರನ್ನು ಅಂಗಾತ ಮಲಗಿಸಿತು. ಇಸ್ತ್ರಿ ಕಾಣದ ಪ್ಯಾಂಟು ಇಪ್ಪತ್ತು ಮನೆಗಳಲ್ಲಿ ಕಾಣಿಸಿಕೊಂಡಿತು.

ಮಕ್ಕಳು ನಕ್ಕರು. ಮೇಷ್ಟ್ರು ಎದ್ದು ಕೂರಲು ಒದ್ದಾಡುವಾಗ ಕೈಗೆ ಸಿಕ್ಕಿದ್ದು ಪ್ಲಾಸ್ಟರಿನ ಹಲ್ಲಿನ ಸೆಟ್ಟು. ಅಷ್ಟು ಹೊತ್ತಿಗೆ ಮಾನ ಹೋಗಿತ್ತು. ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ.

"ಒಟ್ಟು ಮೂವತ್ತೆರಡು ಹಲ್ಲು," ಎಂದರು ಅದನ್ನು ಎತ್ತಿ ಹಿಡಿದು. "ಡಾಕ್ಟರು ಎಂಟು ಕಿತ್ತರು ಅನ್ನಿ. ಎಷ್ಟನೇ ಒಂದು ಭಾಗ ಹೋಯ್ತು?"

"ಕಾಲು ಭಾಗ ಸಾರ್," ಎಂದಿತು ಒಂದು ಮಗು.

"ಭೇಷ್. ಹದಿನಾರು ಕಿತ್ತರೆ?"

ಪಕ್ಕದ ಕುರ್ಚಿಯಿಂದ ಯಾರೋ "ಅಯ್ಯಯ್ಯೋ, ಬೇಡ" ಎಂದು ನರಳಿದರು. ಇಪ್ಪತ್ತು ಮಕ್ಕಳು ಒಟ್ಟಿಗೆ "ಅರ್ಧ" ಎಂದು ಕೂಗಿದವು. ಅಂಥ ಪಾಠವನ್ನು ಮೇಷ್ಟ್ರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮಾಡಿರಲಿಲ್ಲ. ಭಿನ್ನರಾಶಿ ಅಂದರೆ ಅಳುವ ಮಕ್ಕಳು ಇನ್ನೂ ನಾಲ್ಕು ಲೆಕ್ಕ ಕೊಡಿ ಎಂದು ದುಂಬಾಲು ಬಿದ್ದವು.

ಪಾಠ ಮುಗಿದ ಮೇಲೆ ಹೆಡ್‌ಮಿಸ್ಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನೂ ಎರಡು ಲೆಕ್ಕ ಮಾಡಿದೆ ಮೇಷ್ಟ್ರೇ. ಕೆಲಸ ನಿಮ್ಮದೇ. ನಾಳೆಯಿಂದ ದಿನಾ ಇದೇ ಹೊತ್ತಿಗೆ. ಆದ್ರೆ ಒಂದು ವಿಷಯ. ಆಸ್ಪತ್ರೆಯಿಂದ ಬೇಡ, ನರಳೋ ಸದ್ದು ಕೇಳಿ ಒಬ್ಬ ತಾಯಿ ಆಗಲೇ ಫೋನ್ ಮಾಡಿದ್ರು. ಮನೆಯಿಂದಲೇ ಮಾಡಿ. ಮನೇಲಿ ಇಂಟರ್‌ನೆಟ್ ಇದೆ ತಾನೆ?"

"ಇದೆ," ಎಂದುಬಿಟ್ಟರು ಮೇಷ್ಟ್ರು. ಬೆಳಿಗ್ಗೆ ಹತ್ತರವರೆಗಂತೂ ಇತ್ತು. ನಾಳೆ ಹತ್ತಕ್ಕೆ ಹೊಸ ಅರ್ಜಿ ಹಾಕಿದರೆ ಐದರೊಳಗೆ ಬಾರದೆ ಎಲ್ಲಿ ಹೋಗುತ್ತದೆ? ದರ ಎಷ್ಟಾದರೂ ಆಗಲಿ, ಈಗ ಸಂಬಳ ಬರುತ್ತದಲ್ಲ. ಎಂಟು ತಿಂಗಳ ಭಾರ ಇಳಿದ ಖುಷಿಯಲ್ಲಿ ಅವರು ಇಪ್ಪತ್ತು ಅಡಿ ರಸ್ತೆಯನ್ನು ನಾಲ್ಕೇ ಹೆಜ್ಜೆಯಲ್ಲಿ ದಾಟಿದರು.

ಮೆಟ್ಟಿಲ ಬುಡದಲ್ಲಿ ಕಟ್ಟಡಕ್ಕೆ ಕಟ್ಟಡವೇ ನೆರೆದಿತ್ತು. ನಡುವೆ ಅದೇ ಹಳೆಯ ಕಂಪನಿಯ ಅಂಗಿ ತೊಟ್ಟ ನಡುವಯಸ್ಸಿನ ಒಬ್ಬಾತ ಗೋಡೆಯ ಮೇಲಿನ ಪೆಟ್ಟಿಗೆಗೆ ವೈರು ಸಿಕ್ಕಿಸುತ್ತಿದ್ದ. ಮೇಷ್ಟ್ರು ಎಲ್ಲರಿಗೂ ಕೈಮುಗಿದರು. ಪಾಪ, ಎಲ್ಲರೂ ಸೇರಿ ನನಗೋಸ್ಕರ ಮತ್ತೆ ಲೈನು ತರಿಸಿದ್ದಾರೆ.

"ನಿಮಗಲ್ಲ ಕಣ್ರೀ," ಎಂದಳು ಹೆಂಡತಿ, ಮೆಟ್ಟಿಲ ಮೇಲಿಂದ. "ನಿಮ್ಮನ್ನ ನಂಬಿಕೊಂಡ್ರೆ ಆಗಲ್ಲ ಅಂತ ಮಧ್ಯಾಹ್ನ ನಾಲ್ಕು ಮನೆಯವರೂ ತಮ್ಮ ತಮ್ಮ ಹೆಸರಲ್ಲಿ ಅರ್ಜಿ ಹಾಕಿದ್ರು. ಹೊಸಬರಿಗೆ ಅದೇ ದಿನ ಕೊಡ್ತಾರಂತೆ."

ಮೇಷ್ಟ್ರಿಗೆ ಬೇಸರವಾಗಲಿಲ್ಲ, ಇನ್ನಾದರೂ ಅವರವರ ಬಿಲ್ಲು ಅವರವರು ಕಟ್ಟಲಿ ಅನಿಸಿತು. ವೈರಿನವನ ಹತ್ತಿರ ಹೋಗಿ, "ನಾಳೆ ಹತ್ತಕ್ಕೆ ನಂದೂ ಅರ್ಜಿ ಬೀಳುತ್ತಪ್ಪ. ಮಧ್ಯಾಹ್ನದೊಳಗೆ ಎಳೆದುಕೊಟ್ಟುಬಿಡು," ಎಂದರು.

"ಎಲ್ಲಿಂದ ಎಳೀಲಿ ಸಾರ್?" ಎಂದ ಅವನು ಪೆಟ್ಟಿಗೆ ತೋರಿಸುತ್ತ. "ಇದಕ್ಕಿರೋದು ನಾಲ್ಕೇ ಬಾಯಿ. ಒಂದರಲ್ಲಿ ನಿಮ್ಮದಿತ್ತು, ಬೆಳಿಗ್ಗೆ ನೀವೇ ಬಿಟ್ಟುಕೊಟ್ರಿ. ಈಗ ನಾಲ್ಕೂ ಭರ್ತಿ. ಇನ್ನೊಂದು ಪೆಟ್ಟಿಗೆ ಅಂದ್ರೆ ಮೇಲಿನವರ ಮಂಜೂರಾತಿ ಆಗಬೇಕು. ಆರು ತಿಂಗಳು ಅಂತ ಇಟ್ಕೊಳ್ಳಿ."

ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಸಿಕ್ಕ ಕೆಲಸ ಒಂದು ಗಂಟೆಯೂ ಬಾಳಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆಮೇಲೆ ನಾಚಿಕೆ ಬಿಟ್ಟು, ದಿನಾ ಅರ್ಧ ಗಂಟೆಗೆ ಯಾರಾದರೂ ಪಾಸ್‌ವರ್ಡ್ ಕೊಡಿ ಎಂದು ಬಾಯಿಬಿಟ್ಟು ಕೇಳಿದರು.

"ಕೊಡಬಹುದಿತ್ತು," ಎಂದಳು ಟೈಲರಮ್ಮ. "ಆದ್ರೆ ದರ ನೋಡಿದ್ರಾ ಮೇಷ್ಟ್ರೇ? ಕೈಯಿಂದ ಕಟ್ಟೋವಾಗಲೇ ಗೊತ್ತಾಗೋದು ಸಂಕಟ."

"ನಾವಿಬ್ಬರು ನೋಡಿದ್ರೇನೇ ನಿಧಾನ ಆಗುತ್ತೆ ಅಂಕಲ್," ಎಂದಿತು ಹೊಸ ಜೋಡಿ.

"ಹಂಚಬಾರದು ಅಂತ ಷರತ್ತಲ್ಲೇ ಬರೆದಿದೆ," ಎಂದ ಡ್ರೈವಿಂಗ್ ಸ್ಕೂಲಿನವನು. "ನಿಯಮ ಅಂದ್ರೆ ನಿಯಮ."

ಕೊನೆಗೆ ಪೋಸ್ಟ್ ಮಾವನೇ ಮೇಷ್ಟ್ರ ಹೆಗಲ ಮೇಲೆ ಕೈಹಾಕಿ ಮೇಲಕ್ಕೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿ, ದನಿ ತಗ್ಗಿಸಿದರು. "ನಿಮ್ಮ ಕೆಲಸ ಹೋಗೋದು ನನಗೆ ನೋಡೋಕಾಗಲ್ಲ. ಬಿಲ್ಲು ನೀವು ಕಟ್ಟಿ, ಪಾಸ್‌ವರ್ಡ್ ನಾನು ಕೊಡ್ತೀನಿ. ನಿಮ್ಮ ಪಾಠಕ್ಕೆ ಅಡಚಣೆ ಆಗಬಾರದು ಅಂತ ಎಲ್ಲಕ್ಕಿಂತ ದೊಡ್ಡ ಪ್ಲಾನೇ ತಗೊಂಡಿದ್ದೀನಿ."

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬೆಳಿಗ್ಗೆ ಏರಿದ್ದ ದರದ ಒಂದೂವರೆ ಪಟ್ಟು. ಬೇರೆ ದಾರಿಯಿರಲಿಲ್ಲ, ತಲೆಯಾಡಿಸಿದರು. ಮಾವ ಪೇಪರಿನ ಅಂಚು ಹರಿದು ಪಾಸ್‌ವರ್ಡ್ ಬರೆದರು, ಪೇಪರೂ ಮೇಷ್ಟ್ರದ್ದೇ. ಚೀಟಿಯನ್ನು ಕೈಗಿಡುವ ಮೊದಲು ಒಂದು ಕ್ಷಣ ತಡೆದರು.

"ಒಂದು ಮಾತು ಮೇಷ್ಟ್ರೇ. ಇದನ್ನ ಯಾರಿಗೂ ಕೊಡಬೇಡಿ. ನಮ್ಮ ಜನ ನಿಮಗೆ ಗೊತ್ತಲ್ಲ, ಒಂದು ದಿನಕ್ಕೆ ಅಂತ ಇಸ್ಕೊಂಡು ವರ್ಷಗಟ್ಟಲೆ ಬಿಡಲ್ಲ."

ಖಂಡಿತ ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟು, ಮೇಷ್ಟ್ರು ಚೀಟಿಯನ್ನು ಜೇಬಿಗಿಟ್ಟುಕೊಂಡು ಕೆಳಗಿಳಿದರು.