ಪೆಟ್ಟಿಗೆಯನ್ನು ನೋಡುತ್ತಿರುವವರು

ಮನುಷ್ಯನಿಗೆ ತನ್ನ ಹೆಸರು ಅಚ್ಚಾದದ್ದನ್ನು ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಮದುವೆ ಪತ್ರಿಕೆ ಬಂದರೆ ನಾವು ಮೊದಲು ಹುಡುಕುವುದು ವಧೂವರರನ್ನಲ್ಲ, ಸುಖಾಗಮನ ಬಯಸುವವರ ಸಾಲಿನಲ್ಲಿ ನಮ್ಮನ್ನೇ. ಈ ಚಟದಲ್ಲಿ ನಾನು ಒಂದು ಕೈ ಮೇಲು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪಂಚಾಯಿತಿ ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಬಾಡಿಗೆಗೆ ಕೊಡಲೆಂದು ಒಂದು ಫ್ರೀಜರ್ ಪೆಟ್ಟಿಗೆ ತಂದೆ. ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಇಡುವ, ಗಾಜಿನ ಮುಚ್ಚಳದ ಪೆಟ್ಟಿಗೆ. ಚನ್ನಗಿರಿಯ ನಮ್ಮ ಮನೆಯಲ್ಲಿ ಬೇರೆ ಜಾಗವಿಲ್ಲದೆ ಪಡಸಾಲೆಯಲ್ಲಿ ಟಿವಿಯ ಎದುರಿಗೇ ಇಟ್ಟಿದ್ದಾಯಿತು. ಹೆಂಡತಿ ಗಿರಿಜಾ ಅದರ ಸುತ್ತ ಒಂದು ಸುತ್ತು ಬಂದು ಕೇಳಿದಳು: "ಅಲ್ರೀ, ನಮ್ಮ ಕಡೆ ಅರ್ಧ ಊರು ಹೆಣ ಕೂರಿಸಿ ಪೂಜೆ ಮಾಡಾದು, ಕೂರಿಸೇ ಮಣ್ಣು ಮಾಡಾದು. ಇದ್ರಾಗೆ ಮಲಗಿಸ್ಬೇಕಲ್ಲ?" ಹುಟ್ಟಿದಾಗಿನಿಂದ ಕೂತ ಹೆಣಗಳಿಗೇ ಕೈಮುಗಿದವನಿಗೆ ಇದು ಅಂಗಡಿಯಲ್ಲಿ ಹೊಳೆದೇ ಇರಲಿಲ್ಲ. "ಉಳಿದರ್ಧ ಊರು ಐತಲ್ಲ" ಎಂದೆ. ಯುಗಾದಿಯೊಳಗೆ ಒಬ್ಬರಾದರೂ ಕೇಳಿಕೊಂಡು ಬರದಿದ್ದರೆ ಮನೆಯಲ್ಲಿ ಪೆಟ್ಟಿಗೆ ಇರಬೇಕು, ಇಲ್ಲವೇ ತಾನಿರಬೇಕು ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸವಿತಾ ಮೊಬೈಲಿನಲ್ಲಿ ಬರುವಂಥ ಜಾಹೀರಾತು ಹಾಕಿಕೊಟ್ಟಳು. ಪೆಟ್ಟಿಗೆಯ ಚಿತ್ರ, ಪಕ್ಕದಲ್ಲಿ ನಗುತ್ತಿರುವ ನಾನು. ವಾರದೊಳಗೆ ಜನ ಒತ್ತಿ ಒತ್ತಿ ನೋಡತೊಡಗಿದರು; ಯಾವ ಊರಿನವರು, ಎಷ್ಟು ಜನ ಎಂಬ ಲೆಕ್ಕವೆಲ್ಲ ಸವಿತಾಳ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಹೊನ್ನಾಳಿಯಿಂದ ನೋಡಿದರು, ನ್ಯಾಮತಿಯಿಂದ ನೋಡಿದರು. ಜಗಳೂರು ಕಡೆಯ ಬಿಳಿಚೋಡಿನಲ್ಲಂತೂ ಒಂದೇ ಬೆಳಿಗ್ಗೆ ಇನ್ನೂರು ಜನ. ಊರಿಗೆ ಏನೋ ಕಾಯಿಲೆ ಬಂದಿರಬೇಕೆಂದು ದಿಗಿಲುಬಿದ್ದು ಅಲ್ಲಿರುವ ನನ್ನ ಷಡ್ಡಕನಿಗೆ ಫೋನ್ ಮಾಡಿದೆ. "ಎಲ್ಲಾ ಆರಾಮ ಅದೀವಿ. ಯಾಕಣ್ಣ ಹಿಂಗೆ ಕೇಳ್ತೀರಿ?" ಎಂದ. ಕಾರಣ ಹೇಳಿದೆ. ಅಂದಿನಿಂದ ಅವನು ನನ್ನ ಫೋನ್ ಎತ್ತುವುದಿಲ್ಲ.

ಇಷ್ಟಾದರೂ ಒಬ್ಬರೂ ಮನೆಗೆ ಬರಲಿಲ್ಲ. ಸವಿತಾಳನ್ನು ಕೇಳಿದರೆ, "ಸರ್, ಇವು ಮನುಷ್ಯರು ಒತ್ತಿದ್ದಲ್ಲ" ಎಂದಳು. ಒಂದೊಂದು ಸಲ ಒತ್ತಿದಾಗಲೂ ಜಾಹೀರಾತು ಹಾಕಿದವನ ದುಡ್ಡು ಹೋಗುತ್ತದಂತೆ; ಯಂತ್ರಗಳಿಂದ ಒತ್ತಿಸಿ ಆ ದುಡ್ಡು ಹೊಡೆಯುವ ಕಳ್ಳರಿರುತ್ತಾರಂತೆ. ಮನೆಗೆ ಬಂದು ಗಿರಿಜಾಳಿಗೆ ಮೊದಲು ಅರ್ಧ ಮಾತು ಹೇಳಿದ್ದೇ ತಪ್ಪಾಯಿತು. ಅವಳು ಸೌಟು ಹಿಡಿದಲ್ಲೇ ನಿಂತಳು. "ಮನುಷ್ಯರಲ್ಲ ಅಂದ್ರೆ, ಹೆಣದ ಪೆಟ್ಟಿಗೆ ನೋಡೋರು ಮತ್ಯಾರ್ರೀ?" ಯಂತ್ರ ಎನ್ನಲು ಹೊರಟವನು ಪೆಟ್ಟಿಗೆಯ ಕಡೆ ನೋಡಿದೆ. ಗಾಜಿನ ಒಳಗಡೆ ತೆಳ್ಳಗೆ ಮಂಜು ಕಟ್ಟಿತ್ತು. ಕರೆಂಟಿನ ವೈರು ಮಾತ್ರ ಅಂಗಡಿಯವರು ಸುತ್ತಿಕೊಟ್ಟ ಹಾಗೇ ಇತ್ತು.

ಯುಗಾದಿಗೆ ಎರಡು ದಿನವಿದ್ದಾಗ ಸವಿತಾ ಕರೆಸಿದಳು. "ಸರ್, ಒಬ್ರು ನಿಜವಾದ ಗಿರಾಕಿ ಅದಾರೆ. ಚನ್ನಗಿರಿಯೋರೇ, ಅರವತ್ತು ದಾಟಿರೋರು. ದಿನಾ ಬೆಳಿಗ್ಗೆ ಆರಕ್ಕೆ ಉದ್ದ, ಅಗಲ ಎಲ್ಲಾ ನಿಧಾನಕ್ಕೆ ನೋಡ್ತಾರೆ. ಪಾಪ, ಬೇಗನೇ ಬೇಕಾಗೈತೆ ಅಂತ ಕಾಣ್ತದೆ." ಕಳ್ಳರು ಎಷ್ಟೇ ಇರಲಿ, ಜಾಹೀರಾತು ತಲುಪಬೇಕಾದವರಿಗೆ ತಲುಪಿಯೇ ತಲುಪುತ್ತದೆ ಎಂದು ಹಿಗ್ಗಿ, ಮನೆಗೆ ಓಡಿ ಬಂದು ಹೇಳಿದೆ.

ಗಿರಿಜಾ ಹೂ ಕಟ್ಟುತ್ತಿದ್ದಳು. "ಬೆಳಿಗ್ಗೆ ಆರಕ್ಕೆ ಜಗಲಿ ಮ್ಯಾಲೆ ಫೋನ್ ಹಿಡಕಂಡು, ತಮ್ಮ ಫೋಟೋ ತಾವೇ ನೋಡ್ಕಂತ ಕುಂದ್ರೋರು ಯಾರ್ರೀ?"

ಆ ಹೊತ್ತಿಗೆ ಜಗಲಿಯ ಮೇಲೆ ಕೂರುವವನು ನಾನೊಬ್ಬನೇ. ಜೇಬಿನಲ್ಲಿದ್ದ ಫೋನು ಆಗಲೇ ಸದ್ದು ಮಾಡಬೇಕೆ? ತೆಗೆದು ನೋಡಿದರೆ ಅದೇ ಪೆಟ್ಟಿಗೆ, ಅದೇ ನಗು, ಕೆಳಗೆ 'ನಿಮಗೆ ತೀರಾ ಹತ್ತಿರದಲ್ಲಿದೆ' ಎಂಬ ಸಾಲು. ಗಿರಿಜಾ ಅದನ್ನು ಓದಿದಳು. ಆಮೇಲೆ ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಇರಲಿ ಬಿಡ್ರಿ, ಪೆಟ್ಟಿಗೆ ಕಳಿಸಾದು ಬ್ಯಾಡ. ಒಬ್ರಾದ್ರೂ ಕೇಳ್ಕಂಡು ಬಂದ್ರಲ್ಲ" ಎಂದಳು. ಹೂವಿನ ದಾರ ಕಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿದಳು.

"ಆದ್ರೆ ನಿಮ್ಮನ್ನ ಕೂರಿಸ್ಬೇಕಲ್ಲ. ಇದ್ರಾಗೆ ಹೆಂಗೆ ಕೂರಿಸಾದು?"