ಹೊಸ ಮೊಣಕಾಲಿಗೆ ನಾನು ಕೊಟ್ಟ ಅಂಕಗಳು

ಅಳೆಯುವ ಕೆಲಸವೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟವೆಲ್ ಅಳೆದು ನಿವೃತ್ತನಾದವನು ನಾನು. ಹೀಗಾಗಿ, ಹೆಂಡತಿ ಗೌರವ್ವಳ ಬಲ ಮೊಣಕಾಲು ಬದಲಿಸಿ ಆರು ತಿಂಗಳಾದ ಮೇಲೆ ಸೊಲ್ಲಾಪುರದ ಡಾಕ್ಟರು ಒಂದು ಫಾರ್ಮ್ ಚಾಚಿದಾಗ, ಅವಳಿಗಿಂತ ಮೊದಲು ನನ್ನ ಕೈಯೇ ಮುಂದೆ ಹೋಯಿತು.

"ಆಪರೇಶನ್ ಆದಮ್ಯಾಲ ಜೀವನದಾಗ ಖರೇನ ಏನರೆ ಫರಕ್ ಬಿದ್ದದೇನು, ಇದರಾಗ ತುಂಬಿ ತರ್ರಿ. ಅದನ್ನ ನೋಡಿ ಎಡಗಾಲಿಂದು ವಿಚಾರ ಮಾಡೂಣು," ಎಂದರು ಡಾಕ್ಟರು.

ಹನ್ನೆರಡು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಸೂಚನೆಯಿತ್ತು. ಸೂಚನೆ ಓದುವುದು ಗೊತ್ತಿಲ್ಲದವರ ಕೆಲಸ! ನಾನು ಓದಲಿಲ್ಲ.

ಕುಂಭಾರಿಯ ನಮ್ಮ ಮನೆಗೆ ಬಂದು, ಕನ್ನಡಕ ಏರಿಸಿ, ಗೌರವ್ವಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಆರಂಭಿಸಿದೆ.

"ಮೆಟ್ಟಲಾ ಏರುವಾಗ ಹ್ಯಾಂಗ ಅನಸ್ತದ?"

"ಯಾವ ಮೆಟ್ಟಲಾ? ನಮ್ಮ ಮನಿಗಿ ಮೆಟ್ಟಲಾ ಎಲ್ಲಿ ಅದಾವ್ರಿ?"

ನ್ಯಾಯವಾದ ಮಾತು. ಪಕ್ಕದ ಮನೆಯ ಶಾಂತಾಬಾಯಿಗೆ ಮಾಳಿಗೆಯಿದೆ. ಅಲ್ಲಿಗೆ ಕರೆದೊಯ್ದೆ. "ಕಾಯ ಝಾಲಂ, ಭಾವೋಜಿ?" ಎಂದು, ಏನಾಯಿತೋ ಎಂಬಂತೆ, ಆಕೆ ಮರಾಠಿಯಲ್ಲಿ ಗಾಬರಿಯಾದಳು. "ತಪಾಸಣಿ" ಎಂದೆ, ಸರಕಾರಿ ಧ್ವನಿಯಲ್ಲಿ. ಗೌರವ್ವ ಹನ್ನೊಂದು ಮೆಟ್ಟಿಲು ಏರಿದಳು. ಇಳಿಯಲೇ ಇಲ್ಲ! ಮೇಲೆ ಹಪ್ಪಳ ಒಣಗಿಸಿದ್ದರು. ಹಿಂದೆಯೇ ಏರಿದ ಶಾಂತಾಬಾಯಿಯೂ ಅವಳೂ ಮಾತಿಗೆ ಕುಳಿತುಬಿಟ್ಟರು. ಕೆಳಗೆ ಬಿಸಿಲಲ್ಲಿ ನಿಂತ ನನ್ನ ಮೊಣಕಾಲೇ ನೋಯತೊಡಗಿತು. ಅವಳು ಇಳಿಯದೇ ಇದ್ದದ್ದು ನೋವಿಗೋ, ಸುಖಕ್ಕೋ? ತಿಳಿಯಲಿಲ್ಲ. ಉದಾರವಾಗಿ ನಾಲ್ಕು ಹಾಕಿದೆ.

ಮುಂದಿನದು ನಡಿಗೆ. ಫೋನಿನ ಸ್ಟಾಪ್‌ವಾಚ್ ಒತ್ತಿ ಹಿಂದೆ ಹೊರಟೆ. ಐದು ಮನೆ ದಾಟುವಷ್ಟರಲ್ಲಿ ಅವಳು ಆರು ಕಡೆ ನಿಂತಳು.

"ನೂವು ಆಗ್ಲಿಕತ್ತದೇನು?"

"ನೂವು ಇಲ್ಲ, ಏನಿಲ್ಲ. ಕಸ್ತೂರಿ ಸೊಸಿ ಹಡದಾಳಂತ. ಕೂಸು ಹ್ಯಾಂಗದ ಕೇಳೂದು ಬ್ಯಾಡೇನ್ರಿ?"

ಬಾಣಂತಿಯ ವಿಚಾರಣೆಗೆ ನಿಂತದ್ದನ್ನು ಎಲ್ಲಿ ಬರೆಯಬೇಕು? ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ನಾಲ್ಕು!

"ಒಟ್ಟು ಜೀವನದಾಗ ಸಮಾಧಾನ ಅದನು?" ಎಂದು ಕೇಳಿದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ಮಣಕಾಲಿಂದು ಕೇಳ್ತೀರೋ, ಸಂಸಾರದ್ದು ಕೇಳ್ತೀರೋ? ಮದಲ ಅದನ್ನ ಹೇಳ್ರಿ."

ಆ ಪ್ರಶ್ನೆಯನ್ನು ಖಾಲಿ ಬಿಟ್ಟೆ.

ಮಿಕ್ಕವಕ್ಕೆಲ್ಲ ಮನೆಯಲ್ಲೇ ನಾಲ್ಕು ನಾಲ್ಕು ಹಾಕಿ ಮುಗಿಸಿದೆ. ಕೊನೆಗೆ ಉಳಿದದ್ದು ವಾಹನ ಹತ್ತುವುದು. ಅಕ್ಕಲಕೋಟದಲ್ಲಿ ಅವಳ ಅಕ್ಕನ ಮನೆಯಿದೆ. ಕಾಲುನೋವಿನಿಂದ ನಾಲ್ಕು ವರ್ಷ ಆ ಕಡೆ ಹೋಗಿರಲಿಲ್ಲ. ಎಸ್.ಟಿ. ಬಸ್ಸಿನಲ್ಲಿ ಹೋಗೋಣವೆಂದೆ. ಬಸ್ ಬಂತು. ನಾನು ಕೆಳಗೆ ನಿಂತು, "ಹಾಂ, ಹತ್ತು!" ಎಂದು ಸ್ಟಾಪ್‌ವಾಚ್ ಒತ್ತಿದೆ. ಗೌರವ್ವ ಸೆರಗು ಸಿಕ್ಕಿಸಿ, ಕಂಬಿ ಹಿಡಿದು, ಗದ್ದಲದಲ್ಲಿ ನುಗ್ಗಿ ಹತ್ತಿಯೇಬಿಟ್ಟಳು. ನಾನು ಬರೆದುಕೊಳ್ಳಲು ಪೆನ್ನಿನ ಟೋಪಿ ತೆಗೆದೆ. ಕಂಡಕ್ಟರ್ ಗಂಟೆ ಹೊಡೆದ. ಬಸ್ ಹೋಯಿತು!

ಹೆಂಡತಿ ಬಸ್ಸಿನಲ್ಲಿ. ನಾನು ಕುಂಭಾರಿಯಲ್ಲಿ. ಮನೆಗೆಲ್ಲ ಇದ್ದ ಒಂದೇ ಫೋನ್ ನನ್ನ ಕೈಯಲ್ಲಿ.

ಇಳಿಯುವಾಗ ಜಾರಿದರೆ? ಆರು ತಿಂಗಳು ಹಲ್ಲು ಕಚ್ಚಿ ಕಾಲು ಮಡಚಿ, ಚಾಚಿ, ಅತ್ತು ಅವಳು ಸಂಪಾದಿಸಿದ ಮೊಣಕಾಲು ಅದು. ಸಿಕ್ಕ ಜೀಪು ಹತ್ತಿ, ದೇವರ ಹೆಸರು ಹೇಳುತ್ತ ಅಕ್ಕಲಕೋಟ ಮುಟ್ಟಿದೆ. ಗೌರವ್ವ ಅಕ್ಕನ ಮನೆಯ ಪಡಸಾಲೆಯಲ್ಲಿ ಖುರ್ಚಿ ಹಾಕಿಕೊಂಡು ಶೇಂಗಾ ಹೋಳಿಗೆ ತಿನ್ನುತ್ತಿದ್ದಳು.

"ಎಲ್ಲಿ ಉಳದಿದ್ರಿ? ನಾ ಸ್ಟ್ಯಾಂಡಿನಿಂದ ನಡಕೋತ ಬಂದ್ನಿ. ಒಬ್ಬಾಕೀನ!"

ಆ ಮುಖದ ಹಿಗ್ಗು ನೋಡಿ, ಬೈಯಬೇಕೆಂದು ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು. ಬಸ್ ಹತ್ತಲು ಹಿಡಿದ ಸಮಯ: ಒಂದು ಗಂಟೆ ಐವತ್ತು ನಿಮಿಷ. ಪ್ರಾಮಾಣಿಕವಾಗಿ ಹಾಗೆಯೇ ಬರೆದೆ. ಅಂಕ ಮಾತ್ರ ನಾಲ್ಕು!

ಮರುವಾರ ಫಾರ್ಮ್ ಓದುತ್ತ ಓದುತ್ತ ಡಾಕ್ಟರ ಮುಖ ಕಪ್ಪಿಟ್ಟಿತು.

"ಬಾಯಾರ, ಇಷ್ಟು ತ್ರಾಸ ಅದನು? ಹನ್ನೊಂದಕ್ಕೂ ನಾಕು! ನಾಕು ಅಂದ್ರ ತಡಕೊಳ್ಳಲಾರದಂಥ ನೂವು. ಬಸ್ ಏರಾಕ ಎರಡ ತಾಸ? ಹಂಗಿದ್ರ ಎಡಗಾಲಿಂದು ಸದ್ಯಕ್ಕ ಬ್ಯಾಡ."

ನೂರಕ್ಕೆ ನೂರು ಕೊಟ್ಟು ಹೆಂಡತಿಯನ್ನು ಫೇಲ್ ಮಾಡಿದ್ದೆ! ಗೌರವ್ವ ಖುರ್ಚಿಯ ಕೈ ಹಿಡಿಯದೆ ಎದ್ದು ನಿಂತಳು.

"ಸಾಹೇಬ್ರ, ಆ ಕಾಗದ ಅತ್ಲಾಗ ಇಡ್ರಿ. ನಾಕ ವರ್ಸ ಅಕ್ಕನ ಮನಿ ಕಂಡಿದ್ದಿಲ್ಲ. ಈಗ ಒಬ್ಬಾಕೀನ ಎಸ್‌ಟಿ ಹತ್ತಿ ಹೋಗೀನಿ. ಹಿಂದ ಉಳದವರು ಇವರು."

ಡಾಕ್ಟರು ಪೆನ್ ಕೆಳಗಿಟ್ಟು ಬಾಯ್ತುಂಬ ನಕ್ಕರು. "ನನಗ ಬೇಕಾಗಿದ್ದು ಇಷ್ಟ ನೋಡ್ರಿ!" ಹೊಸ ಫಾರ್ಮ್ ತೆಗೆದು ಅವಳನ್ನೇ ಕೇಳಿ ಬರೆದರು. ಎಡಗಾಲಿಗೂ ತಾರೀಖು ಸಿಕ್ಕಿತು.

ನನಗೆ ಉಳಿದದ್ದು ಒಂದೇ ಕೆಲಸ: ಬೆಳಿಗ್ಗೆ ತೆಗೆದ ಎಕ್ಸ್‌ರೇಯನ್ನು ಹೊರಗಿನ ಮೇಜಿನಿಂದ ತರುವುದು. ಇದಾದರೂ ಸರಿಯಾಗಲಿ ಎಂದು ಓಡಿಹೋಗಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟೆ.

ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ತಲೆಕೆಳಗು ಮಾಡಿ ಮತ್ತೆ ನೋಡಿದರು.

"ಕಾಕಾ, ಇದು ಯಾರದೋ ಮೊಳಕೈ ಅದರಿ!"