ಬಾಗಿಲ ಹಿಂದಿನ ಲಾಂಗ್‌ಬೋರ್ಡ್

ಶನಿವಾರ ಬೆಳಿಗ್ಗೆ ಬಾಗಿಲ ಹಿಂದೆ ಚಪ್ಪಲಿ ತಡಕುತ್ತಿದ್ದ ತನಿಖೆರಾಯರ ಬಲಗಾಲು ಚಪ್ಪಲಿಯ ಬದಲು ಮಗಳ ಲಾಂಗ್‌ಬೋರ್ಡಿನ ಮೇಲೆ ಬಿತ್ತು. ಮೇಲೆ ನಿಂತು ರಸ್ತೆಯಲ್ಲಿ ಓಡಿಸುವ, ನಾಲ್ಕು ಚಕ್ರದ ಆ ಉದ್ದನೆಯ ಹಲಗೆ ಇಂಥದೊಂದು ಅವಕಾಶಕ್ಕೇ ಕಾದು ಕೂತಿದ್ದಂತೆ ಸರ್ರನೆ ಓಡಿತು. ರಾಯರ ಒಂದು ಕಾಲು ನಡುಮನೆಗೆ ಹೊರಟಿತು, ಇನ್ನೊಂದು ಹೊಸ್ತಿಲಲ್ಲೇ ಉಳಿಯಿತು, ಮಿಕ್ಕ ಶರೀರ ಯಾವ ಕಾಲಿನ ಜೊತೆ ಹೋಗಬೇಕೆಂದು ತಿಳಿಯದೆ ಹಲಗೆಯ ಮೇಲೆ ಧೊಪ್ಪೆಂದು ಕೂತುಬಿಟ್ಟಿತು. ಲಟಕ್ ಎಂದು ಸದ್ದಾಯಿತು.

ಮೊದಲು ಸೊಂಟ ಮುಟ್ಟಿ ನೋಡಿಕೊಂಡರು. ನೆಟ್ಟಗಿತ್ತು. ಆಮೇಲೆ ಹಲಗೆ ತಿರುಗಿಸಿ ನೋಡಿದರು. ನಟ್ಟನಡುವೆ, ಈ ಅಂಚಿನಿಂದ ಆ ಅಂಚಿಗೆ, ಬಿರುಕು.

"ಸತ್ತೆ!" ಎಂದರು ರಾಯರು.

ತನಿಖೆರಾಯರು ಎಂಬುದು ಬೀದಿಯವರು ಇಟ್ಟ ಹೆಸರು. ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡುವುದು ಅವರ ಕೆಲಸ. ಗುದ್ದಿದವರು ಯಾರು, ಗುದ್ದಿಸಿಕೊಂಡವರು ಯಾರು ಎಂದು ಕೆದಕಿ ಕೇಳುವ ಚಾಳಿ ಮನೆಯಲ್ಲೂ ಬಿಟ್ಟಿರಲಿಲ್ಲ. ಚಕ್ರವಿರುವ ಯಾವ ವಸ್ತು ಕಣ್ಣಿಗೆ ಬಿದ್ದರೂ ಊಟದ ಹೊತ್ತಿನಲ್ಲೊಂದು ಮೂಳೆ ಮುರಿದ ಕತೆ ಹೇಳುವರು. ಹೋದ ವಾರ ಮಗಳು ಕತ್ತಲಾದ ಮೇಲೆ ಮನೆಗೆ ಬಂದಾಗ ಸಿಟ್ಟು ನೆತ್ತಿಗೇರಿ, "ಈ ಹಲಗೇನ ಒಂದಿನ ಮುರಿದು ಒಲೆಗೆ ಹಾಕ್ತೀನಿ, ನೋಡ್ತಿರು!" ಎಂದು ಮನೆಯವರೆಲ್ಲರ ಎದುರಿಗೇ ಕೂಗಾಡಿದ್ದರು. ಅವತ್ತಿನಿಂದ ಮಗಳು ಮಾತು ಬಿಟ್ಟಿದ್ದಳು. ನಿನ್ನೆ ತಾನೇ, "ಅಪ್ಪ, ನೀರು ಬೇಕಾ?" ಎಂದು ಕೇಳಿದ್ದಳು. ಬಾಯಾರಿಕೆ ಇಲ್ಲದಿದ್ದರೂ ರಾಯರು ಎರಡು ಲೋಟ ಕುಡಿದಿದ್ದರು.

ಈಗ ಇದು ಕಾಲು ಜಾರಿ ಆದದ್ದು ಎಂದರೆ ಯಾರು ನಂಬುತ್ತಾರೆ? ಬೆದರಿಕೆ ಹಾಕಿದ್ದಕ್ಕೆ ಸಾಕ್ಷಿಗಳಿದ್ದಾರೆ. ಮುರಿದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಾವೇ ತನಿಖೆಗೆ ಬಂದಿದ್ದರೂ ಈ ಆಸಾಮಿಯ ಒಂದು ಮಾತನ್ನೂ ನಂಬುತ್ತಿರಲಿಲ್ಲ. ಮಗಳು ಪರೀಕ್ಷೆಗೆ ಹೋಗಿದ್ದಳು. ಹೆಂಡತಿ ತನ್ನ ತಾಯಿಯನ್ನು, ಅಂದರೆ ರಾಯರ ಅತ್ತೆಯವರನ್ನು, ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದಳು. ಮೂವರೂ ಸೇರಿ ಸಂಜೆಗೆ ಬರುವವರಿದ್ದರು. ಅಷ್ಟರೊಳಗೆ ಬಾಗಿಲ ಹಿಂದೆ ಒಂದು ಗಟ್ಟಿ ಲಾಂಗ್‌ಬೋರ್ಡ್ ನಿಂತಿರಬೇಕು. ಇಲ್ಲದಿದ್ದರೆ ಇನ್ನು ಈ ಜನ್ಮದಲ್ಲಿ ಮಗಳ ಕೈಯ ನೀರು ಸಿಗುವಂತಿಲ್ಲ.

ರಾಯರು ಬಿರುಕಿನಲ್ಲಿ ಕೂತಿದ್ದ ಕಪ್ಪು ಧೂಳನ್ನು ಟವೆಲಿನಿಂದ ಒರೆಸಿ, ಹಲಗೆಯನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಪಕ್ಕದ ಬೀದಿಯ ಲಾಂಗ್‌ಬೋರ್ಡ್ ಅಂಗಡಿಗೆ ಓಡಿದರು.

ಅಂಗಡಿಯಾಕೆ ಹೊದಿಕೆ ಬಿಚ್ಚಿ ನೋಡಿ ನಿಟ್ಟುಸಿರಿಟ್ಟಳು. "ಈ ಮಾದರಿ ಈಗ ಬರಲ್ಲ ಸರ್. ಚಿಂತೆ ಬೇಡ, ಒಂದೊಂದೇ ಭಾಗ ಆರಿಸಿ ಹೊಸದು ಕಟ್ಟಿಕೊಡ್ತೀನಿ. ಮಗಳ ಶೈಲಿ ಯಾವುದು?"

"ಶೈಲಿ ಅಂದ್ರೆ?"

"ಅಯ್ಯೋ, ಅದೇ ಮುಖ್ಯ! ಕೆಲವರು ರಸ್ತೆ ತುಂಬ ಅಗಲವಾಗಿ ತಿರುಗ್ತಾ ತಿರುಗ್ತಾ ಹೋಗ್ತಾರೆ. ಅವರಿಗೆ ಬಳುಕೋ ಹಲಗೆ ಬೇಕು, ಅಚ್ಚಿನ ಹತ್ತಿರ ಕೂರೋ ರಬ್ಬರ್ ಬಿಲ್ಲೆ ಮೆತ್ತಗಿರಬೇಕು. ಕೆಲವರು ಇಳಿಜಾರಲ್ಲಿ ಬಾಣದ ಥರ ಹೋಗ್ತಾರೆ. ಅವರಿಗೆ ಬಗ್ಗದ ಹಲಗೆ, ಗಟ್ಟಿ ಬಿಲ್ಲೆ. ಇಲ್ಲಾಂದ್ರೆ ವೇಗದಲ್ಲಿ ಬೋರ್ಡು ಗಡಗಡ ನಡುಗುತ್ತೆ. ಇನ್ನು ಕೆಲವರು ಬೋರ್ಡಿನ ಮೇಲೇನೇ ಹೆಜ್ಜೆ ಹಾಕ್ತಾರೆ, ಕುಣಿತಾರೆ. ಅವರಿಗೆ ಉದ್ದ ಬೇಕು, ಕಾಲಿಗೆ ಜಾಗ ಬೇಕಲ್ಲ? ನಿಮ್ಮ ಮಗಳು ಹೇಗೆ ಓಡಿಸ್ತಾಳೆ?"

ರಾಯರು ಊರಿನವರ ಕಾರು, ಸ್ಕೂಟರು ಹೇಗೆ ಓಡುತ್ತಿದ್ದವು, ಎಲ್ಲಿ ಜಾರಿದವು ಎಂದು ನಿದ್ದೆಯಲ್ಲೂ ಹೇಳಬಲ್ಲವರು. ಮಗಳು ಹಲಗೆ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರೆ ಮಾತ್ರ ಭಯಕ್ಕೆ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಂದು ದಿನವೂ ನೋಡಿದವರಲ್ಲ. ಅಂಗಡಿಯಾಕೆಯ ಮುಂದೆ ಅವರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಹೌದಲ್ಲ, ಅವಳು ಹೇಗೆ ಓಡಿಸುತ್ತಾಳೆ ಎಂಬ ಕುತೂಹಲ ತಲೆಯೊಳಗೆ ಗುಂಗಿಹುಳದಂತೆ ಹೊಕ್ಕಿತು.

"ಅರ್ಧ ದಿನ ಕೊಡಿ, ಸಾಕ್ಷಿ ತರ್ತೀನಿ," ಎಂದು ಹೊರಬಿದ್ದರು.

ಮೊದಲ ಸಾಕ್ಷಿ, ಎದುರು ಮನೆಯ ನಿವೃತ್ತ ಬಸ್ ಚಾಲಕರು. ಬೆಳಕು ಹರಿಯುವ ಮೊದಲೇ ಬಾಲ್ಕನಿಗೆ ಬಂದು ಬೀದಿಯನ್ನು ಕಾಯುವವರು.

"ಕೆಂಪು ಹೆಲ್ಮೆಟ್ಟು ತಾನೇ? ಮುಖ ಪೂರ್ತಿ ಮುಚ್ಚಿರುತ್ತಲ್ಲ? ದಿನಾ ಬೆಳಿಗ್ಗೆ ನೋಡ್ತೀನಲ್ಲ ರಾಯ್ರೇ! ಆಹಾ, ಏನು ನಿಧಾನ, ಏನು ಸಮಾಧಾನ. ಈ ಕಡೆಯಿಂದ ಆ ಕಡೆಗೆ ಅಗಲವಾಗಿ ತಿರುಗ್ತಾಳೆ. ತಿರುಗೋ ಮುಂಚೆ ಕೈ ತೋರಿಸ್ತಾಳೆ, ಹಿಂದೆ ಒಂದು ನಾಯಿ ಕೂಡ ಇಲ್ಲದಿದ್ರೂ! ನನ್ನ ಕಾಲದಲ್ಲಿ ಇಂಥವರು ನಮ್ಮ ಡಿಪೋದಲ್ಲಿದ್ದಿದ್ರೆ ಬಸ್ಸುಗಳಿಗೆ ಒಂದು ಗೀರೂ ಬೀಳ್ತಿರಲಿಲ್ಲ."

ಬೆಳಿಗ್ಗೆಯೇ? ಮಗಳನ್ನು ಎಂಟು ಗಂಟೆಗೆ ಹೊದಿಕೆ ಎಳೆದು ಎಬ್ಬಿಸಬೇಕಲ್ಲ! ಹಾಗಾದರೆ ಆ ನಿದ್ದೆಯೆಲ್ಲ ನಾಟಕ. ಎಲಾ ಇವಳ! ರಾಯರು ಬೆರಗಾದರು.

ಎರಡನೆಯ ಸಾಕ್ಷಿ ಟೈಲರಮ್ಮ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಹೇಳಿದರು. "ನಿಧಾನಾನೂ ಇಲ್ಲ, ಸಮಾಧಾನಾನೂ ಇಲ್ಲ. ಮಧ್ಯಾಹ್ನ ಬೀದಿ ಖಾಲಿ ಇರುತ್ತಲ್ಲ, ಆಗ ಆ ಕೆಂಪು ಹೆಲ್ಮೆಟ್ಟು ಹಾಕ್ಕೊಂಡು ಬರ್ತಾಳೆ. ಹಲಗೆ ಮೇಲೆ ಕಾಲು ಅಡ್ಡಡ್ಡ ಇಟ್ಟು ನಡೀತಾಳೆ, ಗಿರಕಿ ಹೊಡೀತಾಳೆ, ಕುಣಿತಾಳೆ. ನೋಡ್ತಾ ನೋಡ್ತಾ ಒಬ್ಬರ ಶರ್ಟಿಗೆ ಮೂರು ತೋಳು ಹೊಲಿದುಬಿಟ್ಟಿದ್ದೆ."

ಮಧ್ಯಾಹ್ನವೇ? ಆಗ ಕಾಲೇಜು! ರಾಯರಿಗೆ ಸಿಟ್ಟು ಬಂತು. ಆದರೆ ಹಲಗೆ ಮುರಿದವರಿಗೆ ಸಿಟ್ಟಾಗುವ ಹಕ್ಕೆಲ್ಲಿದೆ? ಕ್ಲಾಸ್ ತಪ್ಪಿಸಿದ್ದನ್ನು ಮನಸ್ಸಿನಲ್ಲೇ ಮನ್ನಿಸಿದರು. ಗಿರಕಿ ಹೊಡೆಯುವ ಮಗಳನ್ನು ಊಹಿಸಿಕೊಂಡು ಒಳಗೊಳಗೇ ಹೆಮ್ಮೆಯೂ ಆಯಿತು.

ಮೂರನೆಯ ಸಾಕ್ಷಿ ಇಳಿಜಾರಿನ ಕೆಳಗಿನ ಬೇಕರಿಯವನು. "ಕುಣಿಯೋದಾ? ಯಾರು ಹೇಳಿದ್ದು? ಸಂಜೆ ಹೊತ್ತು ಮೇಲಿನಿಂದ ಕುಕ್ಕರುಗಾಲಲ್ಲಿ ಬಗ್ಗಿ ಸುಂಯ್ ಅಂತ ಬರ್ತಾಳೆ ಸ್ವಾಮಿ. ಕಪಾಟಿನಲ್ಲಿ ಬಿಸ್ಕತ್ತು ಭರಣಿಗಳು ಗಲಗಲ ಅಂತವೆ. ನಾನು ಕಣ್ಮುಚ್ಚಿ ಬಿಡೋಷ್ಟರಲ್ಲಿ ಮಾಯ!"

ರಾಯರು ತಲೆ ಕೆರೆದುಕೊಂಡರು. ಇವಳು ಒಬ್ಬಳೋ ಮೂವರೋ? ಹದಿನೆಂಟು ವರ್ಷ ಜೊತೆಗಿದ್ದೂ ಇಷ್ಟು ದೊಡ್ಡ ಮಗಳನ್ನು ತಾವು ಇಷ್ಟು ಸ್ವಲ್ಪ ನೋಡಿದ್ದೇವಲ್ಲ ಎಂದು ಕೊರಗಿದರು. ಅಷ್ಟರಲ್ಲಿ ಸುದ್ದಿ ಬೀದಿಯ ತುಂಬ ಹರಡಿತ್ತು. ಚಾಲಕರು ಕೋಲು ಹಿಡಿದು ಬಂದರು. ಟೈಲರಮ್ಮ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದರು. ಬೇಕರಿಯವನು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ. ರಾಯರು ಬೇಡ ಬೇಡ ಎಂದರೂ ಮೂವರೂ ಜೊತೆಗೆ ಹೊರಟರು.

ಲಾಂಗ್‌ಬೋರ್ಡ್ ಅಂಗಡಿ ಸಂತೆಯಾಯಿತು.

"ಬಳುಕೋದು ಕೊಡಮ್ಮಾ, ಆ ಮಗು ನಿಧಾನಸ್ಥೆ!" ಎಂದರು ಚಾಲಕರು.

"ಬಗ್ಗಿದ್ರೆ ಆ ವೇಗಕ್ಕೆ ಸೀದಾ ನನ್ನ ಒಲೆಯೊಳಗೇ ಬರ್ತಾಳೆ! ಗಟ್ಟಿದೇ ಕೊಡಿ," ಎಂದ ಬೇಕರಿಯವನು.

"ಉದ್ದ ನೋಡಿ, ಉದ್ದ!" ಎಂದು ಟೈಲರಮ್ಮ ಗೋಡೆಗೆ ಒರಗಿಸಿದ್ದ ಹಲಗೆಗಳಿಗೆಲ್ಲ ಟೇಪು ಹಿಡಿದರು. ರಾಯರ ಕಾಲಿನ ಅಳತೆಯನ್ನೂ ಸುಮ್ಮನೆ ತೆಗೆದರು.

"ನೀವೇ ಒಂದು ಸಲ ಹತ್ತಿ ನೋಡಿ ರಾಯ್ರೇ, ರೈಟ್, ರೈಟ್!" ಎಂದು ಚಾಲಕರು ಬೆನ್ನಿಗೆ ಕೈ ಕೊಟ್ಟರು. ರಾಯರು ಹತ್ತಿದ್ದು ನಿಜ. ಇಳಿದದ್ದು ಹೆಲ್ಮೆಟ್ಟುಗಳ ರಾಶಿಯೊಳಗೆ.

ಹೆಲ್ಮೆಟ್ಟುಗಳ ನಡುವಿನಿಂದ ಎದ್ದು ಬಂದ ರಾಯರಿಗೆ ಕಚೇರಿಯ ಪದ್ಧತಿ ನೆನಪಾಯಿತು. ಒಂದೇ ಗಾಡಿಯ ವೇಗವನ್ನು ಮೂವರು ಸಾಕ್ಷಿಗಳು ಮೂರು ಥರ ಹೇಳಿದರೆ ಏನು ಮಾಡುತ್ತಾರೆ? ಕೂಡಿಸಿ, ಭಾಗಿಸಿ, ಸರಾಸರಿ ತೆಗೆದು ಕಡತ ಮುಚ್ಚುತ್ತಾರೆ. ಇಪ್ಪತ್ತು ವರ್ಷದಿಂದ ಹಾಗೆಯೇ ಮಾಡಿಕೊಂಡು ಬಂದಿದ್ದಾರೆ, ಒಬ್ಬರೂ ತಕರಾರು ಎತ್ತಿಲ್ಲ.

"ಸರಾಸರಿ ತೆಗೀರಿ," ಎಂದರು ಗಂಭೀರವಾಗಿ. "ಉದ್ದ ಕುಣಿಯೋರದ್ದು. ಗಟ್ಟಿತನ ಜೋರಾಗಿ ಹೋಗೋರದ್ದು. ಮುಂದಿನ ಬಿಲ್ಲೆ ಮೆತ್ತಗೆ, ಹಿಂದಿನದು ಕಲ್ಲಿನ ಹಾಗೆ. ಚಕ್ರ ದೊಡ್ಡದೂ ಬೇಡ, ಚಿಕ್ಕದೂ ಬೇಡ."

ಅಂಗಡಿಯಾಕೆ ಗಾಬರಿಯಾದಳು. "ಸರ್, ಹಾಗೆ ಕಟ್ಟಿದ್ರೆ ಮುಂದಿನ ಚಕ್ರ ಎಡಕ್ಕೆ ಹೋಗೋಣ ಅನ್ನುತ್ತೆ, ಹಿಂದಿನದು ನಾನ್ಯಾಕೆ ಬರಲಿ ಅನ್ನುತ್ತೆ!"

"ನಮ್ಮ ಮನೇಲೂ ಹಾಗೇ ಇರೋದು, ಸಂಸಾರ ನಡೀತಿಲ್ವಾ? ಕಟ್ಟಿಕೊಡಿ ತಾಯಿ, ಸಂಜೆಯಾಗ್ತಾ ಬಂತು."

ಮೂವರು ಸಾಕ್ಷಿಗಳಿಗೂ ತಮ್ಮ ಮಾತಿಗೆ ಬೆಲೆ ಸಿಕ್ಕಿತೆಂದು ತೃಪ್ತಿಯಾಯಿತು. ಹೊಸ ಬೋರ್ಡನ್ನು ಮೆರವಣಿಗೆಯಲ್ಲಿ ತಂದು ಬಾಗಿಲ ಹಿಂದೆ ನಿಲ್ಲಿಸಿದರು. ಮುರಿದ ಹಲಗೆಯನ್ನು ರಾಯರು ಮಂಚದ ಕೆಳಗೆ ತಳ್ಳಿದರು.

ಸಂಜೆ ಮೂವರೂ ಬಂದರು. ಕೈಯಲ್ಲಿ ಮೂರು ಉದ್ದನೆಯ ಪೊಟ್ಟಣ. ಕಣ್ಣಿನ ಡಾಕ್ಟರು ಇಷ್ಟುದ್ದದ ಔಷಧಿ ಕೊಟ್ಟರೇ ಎಂದು ರಾಯರು ಯೋಚಿಸುವಷ್ಟರಲ್ಲಿ ಮಗಳು ಬಾಗಿಲ ಹಿಂದೆ ಇಣುಕಿ ಅಲ್ಲೇ ನಿಂತುಬಿಟ್ಟಳು.

"ಅಪ್ಪ, ಇದೇನು? ಹಳೇದೆಲ್ಲಿ?"

ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಮಗಳ ಮುಖ ನೋಡಿದ್ದೇ ಎಲ್ಲ ಮರೆತುಹೋಯಿತು.

"ಮುರಿದುಬಿಟ್ಟೆ ಕಣಮ್ಮ! ಬೇಕು ಅಂತ ಅಲ್ಲ. ಚಪ್ಪಲಿ ಹುಡುಕ್ತಿದ್ದೆ, ಕಾಲು ಜಾರ್ತು, ಮೇಲೆ ಕೂತುಬಿಟ್ಟೆ. ಅವತ್ತು ಹಾಗೆ ಕೂಗಿದ್ದು ನನ್ನದೇ ತಪ್ಪು. ನೀನು ಬೆಳಿಗ್ಗೆ ಹೋಗು, ಕಾಲೇಜು ಬಿಟ್ಟು ಮಧ್ಯಾಹ್ನ ಬೇಕಾದ್ರೂ ಹೋಗು, ನಾನೇನೂ ಅನ್ನಲ್ಲ. ಮಾತು ಮಾತ್ರ ಬಿಡಬೇಡ." ರಾಯರು ಮಂಚದ ಕೆಳಗೆ ಕೈ ತೋರಿಸಿದರು.

ಮಗಳು ಮಂಚದ ಕೆಳಗಿನಿಂದ ಹಳೆಯ ಹಲಗೆ ಎಳೆದಳು. "ಬಿರುಕಿನಲ್ಲಿ ಧೂಳು ಇತ್ತಾ ಅಪ್ಪ?"

"ಇತ್ತು. ಒರೆಸಿದೆ."

"ಇವತ್ತು ಮುರಿದಿದ್ರೆ ಧೂಳು ಎಲ್ಲಿಂದ ಬರುತ್ತೆ? ಕಚೇರೀಲಿ ಆಗಿದ್ರೆ ತಕ್ಷಣ ಹಿಡೀತಿದ್ರಿ!"

ರಾಯರು ಬಗ್ಗಿ ಬಿರುಕನ್ನು ಮತ್ತೊಮ್ಮೆ ನೋಡಿದರು.

"ಅದು ಮುರಿದು ನಾಲ್ಕು ದಿನ ಆಯ್ತು, ಅಳಿಯಂದ್ರೇ," ಎಂದು ಅತ್ತೆ ಮೊಣಕಾಲು ನೀವಿಕೊಂಡರು. "ಬೆಳಿಗ್ಗೆ ತಿರುವಿನಲ್ಲಿ ಕೈ ತೋರಿಸಿದೆ, ಕಲ್ಲು ನೋಡಲಿಲ್ಲ. ಕೇಳಿದ್ರೆ ನೀವು ಮೂಳೆ ಕತೆ ಹೇಳ್ತೀರಿ ಅಂತ ಹಾಗೇ ಬಾಗಿಲ ಹಿಂದೆ ಇಟ್ಟುಬಿಟ್ಟೆ."

"ನೀವು... ಬೆಳಿಗ್ಗೆ... ವಾಕಿಂಗು..."

"ಕಾಲಲ್ಲಿ ನಡೆದ್ರೆ ಮಂಡಿ ನೋಯುತ್ತಪ್ಪ."

ರಾಯರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಆಕೆ ಹೊಸ ಬೋರ್ಡಿನ ಮೇಲೆ ಕಾಲು ಅಡ್ಡಡ್ಡ ಇಟ್ಟು ನೋಡುತ್ತಿದ್ದಳು.

"ಉದ್ದವೇನೋ ಸರಿಯಾಗಿದೆ ರೀ. ಆದರೆ ಕಲ್ಲುಚಪ್ಪಡಿಯ ಹಾಗೆ ಗಟ್ಟಿ. ಇದರ ಮೇಲೆ ಗಿರಕಿ ಹೊಡೆಯೋಕಾಗಲ್ಲ."

ಮಗಳು ಮುಂದಿನ ಬಿಲ್ಲೆ ಒತ್ತಿ ನೋಡಿ, "ನಾನು ಇದರಲ್ಲಿ ಇಳಿಜಾರು ಇಳಿದ್ರೆ ಆಸ್ಪತ್ರೆಯಲ್ಲೇ ನಿಲ್ಲೋದು" ಎಂದಳು. ಅತ್ತೆಯವರು ಒಂದು ಕಾಲಿಟ್ಟು, ತಿರುಗಲು ನೋಡಿ, ತಲೆಯಾಡಿಸಿ ಇಳಿದರು. ಆಮೇಲೆ ಮೂವರೂ ಪೊಟ್ಟಣ ಬಿಚ್ಚಿದರು. ಕಣ್ಣಿನ ಡಾಕ್ಟರನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಮಗಳ ಪರೀಕ್ಷೆ ಮುಗಿದ ಮೇಲೆ ಊರಿನ ಆ ತುದಿಯ ಅಂಗಡಿಯಲ್ಲಿ ಸಂಜೆಯವರೆಗೂ ಆರಿಸಿ ತಂದಿದ್ದರು. ಬಳುಕುವುದೊಂದು, ಉದ್ದನೆಯದೊಂದು, ಗಟ್ಟಿಯದೊಂದು.

"ಹಾಗಾದ್ರೆ ಇದು?" ಎಂದರು ರಾಯರು, ತಮ್ಮ ಬೋರ್ಡನ್ನು ತೋರಿಸಿ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯವರು ಕೆಂಪು ಹೆಲ್ಮೆಟ್ ತಂದು ಅಳಿಯನ ತಲೆಗೆ ಇಟ್ಟು ಕೊಂಡಿ ಬಿಗಿದರು. "ಯಾವ ಶೈಲಿಗೂ ಹೊಂದದ ಬೋರ್ಡು, ಯಾವ ಶೈಲಿಯೂ ಇಲ್ಲದೋರಿಗೆ ಸರಿ. ಬೆಳಿಗ್ಗೆ ಬೇಗ ಏಳಿ, ಅಳಿಯಂದ್ರೇ."

ಮಗಳು ಒಂದು ಲೋಟ ನೀರು ತಂದುಕೊಟ್ಟಳು. ಹೆಲ್ಮೆಟ್ಟಿನ ಮುಂಭಾಗ ಎತ್ತಲು ಬಾರದೆ ರಾಯರು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಮೂರು ಬೋರ್ಡುಗಳು ಅಂದವಾಗಿ ಸಾಗಿದವು. ನಾಲ್ಕನೆಯದು ಮಗಳ ಕೈ ಬಿಟ್ಟ ಕ್ಷಣದಲ್ಲಿ ಮುಂದೆ ಎಡಕ್ಕೆ ಹೋಗಿ, ಹಿಂದೆ ಅಲ್ಲೇ ನಿಂತು, ಮೇಲಿದ್ದವರನ್ನು ಚಾಲಕರ ಮನೆಯ ಬೇಲಿಗೆ ಒಪ್ಪಿಸಿತು.

ಬಾಲ್ಕನಿಯಿಂದ ಚಾಲಕರು ಬಗ್ಗಿ ನೋಡಿದರು. "ಯಾರದು? ಇದ್ಯಾವ ಶೈಲಿ ಮಾರಾಯ್ರೇ?"

ಬೇಲಿಯೊಳಗಿನಿಂದ ಕೆಂಪು ಹೆಲ್ಮೆಟ್ ಮೇಲೆದ್ದಿತು.

"ಸರಾಸರಿ!" ಎಂದಿತು.